ಗುರುತಿಲ್ಲದ ಗುಣಿಗಳು

ಇತಿಹಾಸ ಅಂದರೆ ಗೋರಿ ಇದ್ದವರ ಕಥೆ ಅಂತಲೇ ನಮಗೆ ಶಾಲೆಯಲ್ಲಿ ಕಲಿಸಿದ್ದಾರೆ. ಸುಲ್ತಾನನಿಗೆ ಗುಂಬಜ್, ದಂಡನಾಯಕನಿಗೆ ವೀರಗಲ್ಲು, ಮಠದ ಗುರುವಿಗೆ ಗದ್ದುಗೆ. ಆ ಕಲ್ಲುಗಳನ್ನು ಹೊತ್ತವರು ಎಲ್ಲಿ ಮಣ್ಣಾದರು ಅಂತ ಯಾವ ಪಾಠದಲ್ಲೂ ಇಲ್ಲ. ನಮ್ಮ ಕೇರಿಗಳಲ್ಲಿ ಸತ್ತವರನ್ನು ಹಳ್ಳದ ದಂಡೆಗೋ, ಕೆರೆ ಹಿಂದಿನ ಗೋಮಾಳಕ್ಕೋ ಒಯ್ಯುತ್ತೇವೆ. ತಲೆದೆಸೆಗೊಂದು ಕಲ್ಲು ನೆಟ್ಟು, ಮೂರನೇ ದಿನ ಹಾಲು ತುಪ್ಪ ಬಿಟ್ಟು ಬರುತ್ತೇವೆ. ನಾಲ್ಕು ಮಳೆಗಾಲ ಕಳೆದರೆ ಕಲ್ಲು ವಾಲುತ್ತದೆ. ಆಮೇಲೆ ಉಳ್ಳವನ ನೇಗಿಲು ಅಲ್ಲಿ ಆಡುತ್ತದೆ. ಊರಿಗೆಲ್ಲ ಗುಣಿ ತೋಡಿದ ತೋಟಿಯ ಗುಣಿ ಎಲ್ಲಿದೆ ಅಂದರೆ ಅವನ ಮೊಮ್ಮಗನಿಗೇ ಗೊತ್ತಿರೋದಿಲ್ಲ.

ಬಡತನ ಇದಕ್ಕೊಂದು ಕಾರಣ, ನಿಜ. ಆದರೆ ಕೊಲೆ ನಡೆದ ಕಡೆ ಸತ್ತವರ ಗುರುತು ಅಳಿಸೋದು ಕೊಂದವರಿಗೆ ಬೇಕಾದ ಕೆಲಸವೂ ಹೌದು. ಅಮೆರಿಕದ ಟಲ್ಸಾ ಪಟ್ಟಣದ ಕರಿಯರ ಚರಿತ್ರೆ ಓದಿದರೆ ಇದು ಗೊತ್ತಾಗುತ್ತದೆ. 1946ರಲ್ಲಿ ಬಾಬಾಸಾಹೇಬರು ಕರಿಯರ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಅಲ್ಲಿಯ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿ ದಲಿತ ಪ್ಯಾಂಥರ್ ಕಟ್ಟಿದರು. ಆ ಜನರ ನೋವು ನಮಗೆ ಪರದೇಶದ್ದಲ್ಲ.

ಟಲ್ಸಾ ಇರುವುದು ಒಕ್ಲಹೋಮ ರಾಜ್ಯದಲ್ಲಿ. ಎಣ್ಣೆ ಬಾವಿಗಳಿಂದ ದುಡ್ಡು ಕಂಡ ಪಟ್ಟಣ. ರೈಲುಹಳಿಯ ಈಚೆ ಬಿಳಿಯರು, ಆಚೆ ಕರಿಯರು. ಕರಿಯರ ಆ ಕೇರಿಯ ಹೆಸರು ಗ್ರೀನ್‌ವುಡ್. ಬಿಳಿಯರು ಹತ್ತಿರ ಸೇರಿಸದ ಜನ ತಮ್ಮದೇ ಅಂಗಡಿ, ಹೋಟೆಲು, ಚರ್ಚು, ಪತ್ರಿಕೆ, ಸಿನಿಮಾ ಮಂದಿರ ಕಟ್ಟಿಕೊಂಡಿದ್ದರು. ಅವರಲ್ಲಿ ಡಾಕ್ಟರರಿದ್ದರು, ವಕೀಲರಿದ್ದರು. ಕೂಲಿಯವರು, ಮನೆಗೆಲಸದವರು ಇನ್ನೂ ಹೆಚ್ಚಿದ್ದರು. ಕೇರಿಯವರು ತಲೆ ಎತ್ತಿದರೆ ಊರಿನವರ ಹೊಟ್ಟೆ ಉರಿಯೋದು ನಮಗೆ ಹೊಸ ವಿಷಯವೇನಲ್ಲ.

1921ರ ಮೇ 30ರಂದು ಬೂಟ್ ಪಾಲಿಶ್ ಮಾಡುವ ಡಿಕ್ ರೋಲೆಂಡ್ ಎಂಬ ಕರಿಯ ಹುಡುಗ ಒಂದು ಕಟ್ಟಡದ ಲಿಫ್ಟ್ ಹತ್ತಿದ. ಲಿಫ್ಟ್ ನಡೆಸುತ್ತಿದ್ದ ಬಿಳಿ ಹುಡುಗಿ ಕೂಗಿಕೊಂಡಳು ಅಂತ ಸುದ್ದಿಯಾಯಿತು. ಮಾರನೇ ದಿನ ಅವನನ್ನು ಹಿಡಿದರು. ಬಿಳಿಯರ ಪತ್ರಿಕೆ ಅದನ್ನು ಮಾನಭಂಗದ ಸುದ್ದಿ ಮಾಡಿತು. ಸಂಜೆಗೆ ಕೋರ್ಟಿನ ಮುಂದೆ ಸಾವಿರಾರು ಬಿಳಿಯರು ಸೇರಿದರು. ಹುಡುಗನನ್ನು ಎಳೆದು ನೇಣು ಹಾಕಿಯಾರು ಅಂತ ಗ್ರೀನ್‌ವುಡ್‌ನ ಗಂಡಸರು ಬಂದೂಕು ಹಿಡಿದು ಕಾಯಲು ಬಂದರು. ಅವರಲ್ಲಿ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರೂ ಇದ್ದರು. ಅಲ್ಲಿ ಹಾರಿದ ಗುಂಡು ಜೂನ್ 1ರ ಹೊತ್ತಿಗೆ ಇಡೀ ಕೇರಿಯನ್ನು ಸುಟ್ಟಿತು. ನಗರಾಡಳಿತವೇ ಬಿಳಿಯರಿಗೆ ಪೊಲೀಸ್ ಅಧಿಕಾರ ಕೊಟ್ಟಿತ್ತು. ಸುಮಾರು 35 ಬೀದಿಚೌಕಗಳು, 1,200ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಕೊನೆಗೆ ಆ ಹುಡುಗನ ಮೇಲಿನ ಕೇಸೇ ನಿಲ್ಲಲಿಲ್ಲ. ಬಿಳಿಯರೇ ತುಂಬಿದ್ದ ಜ್ಯೂರಿ ಕರಿಯರದೇ ತಪ್ಪು ಅಂದಿತು. ಕೊಂದ ಒಬ್ಬ ಬಿಳಿಯನಿಗೂ ಶಿಕ್ಷೆಯಾಗಲಿಲ್ಲ.

ಸರ್ಕಾರದ ಲೆಕ್ಕಕ್ಕೆ ಸಿಕ್ಕ ಹೆಣಗಳು 36. ಇವತ್ತಿನ ಇತಿಹಾಸಕಾರರು 300ರವರೆಗೂ ಹೇಳುತ್ತಾರೆ. ಈ ಎರಡು ಸಂಖ್ಯೆಗಳ ನಡುವೆ ಇರುವವರೆಲ್ಲ ಎಲ್ಲಿ ಹೋದರು? ಬದುಕುಳಿದ ಸಾವಿರಾರು ಕರಿಯರನ್ನು ಸಭಾಭವನ, ಆಟದ ಮೈದಾನಗಳಲ್ಲಿ ಬಂದೂಕಿನ ಕಾವಲಿನಲ್ಲಿ ಕೂಡಿಹಾಕಿದ್ದರು. ಹೆಂಡತಿ ಒಳಗೆ ಕೂತಿದ್ದಾಗಲೇ ಗಂಡನ ಹೆಣವನ್ನು ಯಾರೋ ಹೂತರು. ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಹೊರಗೆ ಬಂದಾಗ ಮನೆಯೂ ಇಲ್ಲ, ಮನುಷ್ಯನೂ ಇಲ್ಲ. ಓಕ್‌ಲಾನ್ ಎಂಬ ಸ್ಮಶಾನದಲ್ಲಿ ಇಬ್ಬರಿಗೆ ಮಾತ್ರ ಹೆಸರಿನ ಕಲ್ಲು ಉಳಿಯಿತು: ರೂಬೆನ್ ಎವರೆಟ್, ಎಡ್ಡಿ ಲಾಕರ್ಡ್.

ಆಮೇಲೆ ಮೌನ. ಬೆಂಕಿ ಹಚ್ಚಿದ ಆ ಸುದ್ದಿಯ ಭಾಗವನ್ನು ಪತ್ರಿಕೆಯ ಕಡತದಿಂದಲೇ ಯಾರೋ ಹರಿದುಹಾಕಿದ್ದರು. ಪಠ್ಯಪುಸ್ತಕ ಬಾಯಿ ಬಿಡಲಿಲ್ಲ. ಕರಿಯರ ಮನೆಗಳಲ್ಲೂ ಮಕ್ಕಳ ಮುಂದೆ ಆಡಲು ಹೆದರಿದರು. ಆದರೆ ಒಬ್ಬ ಹೆಣ್ಣುಮಗಳು ಹೆದರಲಿಲ್ಲ. ಅವರು ಮೇರಿ ಜೋನ್ಸ್ ಪ್ಯಾರಿಷ್, ಗ್ರೀನ್‌ವುಡ್‌ನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮೇಡಂ. ಮಗಳ ಕೈ ಹಿಡಿದು ಗುಂಡಿನ ನಡುವೆ ಓಡಿ ಪಾರಾದವರು. ಬೂದಿ ಆರುವ ಮೊದಲೇ ನೆರೆಹೊರೆಯವರ ಮಾತು ಕೇಳಿ ಬರೆದುಕೊಂಡು, ಕಳೆದುಹೋದ ಆಸ್ತಿಯ ಪಟ್ಟಿ ಸೇರಿಸಿ ಪುಸ್ತಕ ಅಚ್ಚುಹಾಕಿಸಿದರು. ಮುಂದೆ ಬಂದ ಸಂಶೋಧಕರೆಲ್ಲ ಆ ಪುಸ್ತಕಕ್ಕೆ ಋಣಿಗಳು.

1997ರಲ್ಲಿ ರಾಜ್ಯ ಸರ್ಕಾರ ಆಯೋಗ ನೇಮಿಸಿತು. 1999ರಲ್ಲಿ ಒಬ್ಬ ಬಿಳಿ ಮುದುಕ ಮುಂದೆ ಬಂದು, ಹತ್ತು ವರ್ಷದವನಿದ್ದಾಗ ಓಕ್‌ಲಾನ್‌ನಲ್ಲಿ ಕಾಲುವೆಯಂಥ ಗುಂಡಿ ತೋಡುವುದನ್ನೂ, ಪಕ್ಕದ ಮರದ ಪೆಟ್ಟಿಗೆಗಳಲ್ಲಿ ಕರಿಯರ ಹೆಣಗಳನ್ನೂ ಕಂಡೆ ಅಂದ. ಆಗಲೂ ಅಗೆತ ಆಗಲಿಲ್ಲ. 2018ರಲ್ಲಿ ನಗರದ ಮೇಯರ್ ತನಿಖೆ ಮತ್ತೆ ಶುರು ಮಾಡಿದರು. 2020ರ ಅಕ್ಟೋಬರಿನಲ್ಲಿ, ಆ ಎರಡು ಹೆಸರಿನ ಕಲ್ಲುಗಳ ಹತ್ತಿರವೇ, ಸಾಲಾಗಿ ಹೂತ ಶವಪೆಟ್ಟಿಗೆಗಳು ಸಿಕ್ಕವು. 2021ರಲ್ಲಿ ಮೇಲೆತ್ತಿದ ಒಂದು ಅಸ್ಥಿಪಂಜರಕ್ಕೆ ಹಲವು ಗುಂಡು ತಗುಲಿದ್ದವು. ಆ ಜುಲೈನಲ್ಲಿ ಮತ್ತೆ ಮಣ್ಣು ಮಾಡುವಾಗ ಸಂತ್ರಸ್ತರ ವಂಶದವರು ಸ್ಮಶಾನದ ಹೊರಗೆ ನಿಂತು ಪ್ರತಿಭಟಿಸಿದರು. ನಮ್ಮವರನ್ನು ಹೂಳೋದು ಹೇಗೆ ಅಂತ ಹೇಳಬೇಕಾದವರು ಯಾರು ಅನ್ನೋದು ಅವರ ಪ್ರಶ್ನೆ.

2024ರ ಜುಲೈನಲ್ಲಿ ಮೊದಲ ಹೆಸರು ಸಿಕ್ಕಿತು: ಸಿ. ಎಲ್. ಡೇನಿಯಲ್. ಜಾರ್ಜಿಯಾ ರಾಜ್ಯದವ, ಇಪ್ಪತ್ತರ ಹರೆಯದ ಮಾಜಿ ಸೈನಿಕ. ಎಲುಬಿನ ಡಿಎನ್‌ಎ ಬಂಧುಗಳ ಡಿಎನ್‌ಎಗೆ ಹೊಂದಿ ಆ ಮನೆತನ ತಿಳಿಯಿತು. ಇವನೇ ಎಂಬುದಕ್ಕೆ ಸರ್ಕಾರಿ ಕಡತದಲ್ಲಿ ಮಲಗಿದ್ದ ಒಂದು ಕಾಗದ ಸಾಕ್ಷಿಯಾಯಿತು. 1936ರಲ್ಲಿ ಅವನ ತಾಯಿಯ ಪರವಾಗಿ ವಕೀಲರೊಬ್ಬರು ಸೈನಿಕರ ಪರಿಹಾರ ಕೇಳಿ ಬರೆದದ್ದು. ಮಗ 1921ರಲ್ಲಿ ಟಲ್ಸಾದ ಗಲಭೆಯಲ್ಲಿ ಸತ್ತ ಅಂತ ಅದರಲ್ಲಿತ್ತು. ಆಯೋಗದ 2001ರ ವರದಿಯ ಪಟ್ಟಿಯಲ್ಲೂ ಇರದಿದ್ದ ಹೆಸರನ್ನು ಆ ತಾಯಿಯ ಅರ್ಜಿ 88 ವರ್ಷ ಕಾದು ಎತ್ತಿಕೊಟ್ಟಿತು. ಗುಣಿ ಸಿಕ್ಕಿತು ಅಂತ ನ್ಯಾಯ ಸಿಕ್ಕಿತು ಅನ್ನಬೇಡಿ. ಅದೇ 2024ರ ಜೂನಿನಲ್ಲಿ, ಬದುಕಿದ್ದ ಇಬ್ಬರು ನೂರು ದಾಟಿದ ಅಜ್ಜಿಯರ ಪರಿಹಾರದ ದಾವೆಯನ್ನು ಒಕ್ಲಹೋಮದ ಸುಪ್ರೀಂ ಕೋರ್ಟು ವಜಾ ಮಾಡಿತ್ತು.

ಇದನ್ನೆಲ್ಲ ನಾವು ಯಾಕೆ ಬರೀತಿದ್ದೇವೆ? ನಮ್ಮಲ್ಲೂ 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಪತ್ರಿಕೆಗೆ ಬಂದದ್ದರಿಂದ ಅದಾದರೂ ಲೆಕ್ಕಕ್ಕಿದೆ. ಜೀತದಲ್ಲಿ ಸತ್ತವನು, ಬಾವಿಗೆ ಬಿದ್ದಳು ಅಂತ ಹೇಳಿ ಹೂತವಳು, ಮಲದ ಗುಂಡಿಯಲ್ಲಿ ಉಸಿರು ಕಟ್ಟಿದವನು ಇಂಥವರು ಯಾವ ಪಟ್ಟಿಯಲ್ಲಿದ್ದಾರೆ?

ಹಳ್ಳಿಯಲ್ಲಿ ಪಾಠ ಮಾಡುವ ಮೇಷ್ಟ್ರುಗಳೇ, ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಟಲ್ಸಾದಲ್ಲಿ ಯಂತ್ರ ಬರುವ ಮೊದಲು ಒಂದು ನೋಟ್‌ಬುಕ್ ಇತ್ತು, ಒಂದು ಅರ್ಜಿ ಇತ್ತು. ಕೇರಿಯ ಅಜ್ಜಿ ಇನ್ನೂ ನಡೆಯಬಲ್ಲವಳಾದರೆ ಅವಳನ್ನು ಸುಡುಗಾಡಿಗೆ ಕರೆದೊಯ್ಯಿರಿ. ಯಾವ ಬೇಲಿಯ ಕೆಳಗೆ ಯಾರಿದ್ದಾರೆ, ಹೇಗೆ ಸತ್ತರು ಅಂತ ಕೇಳಿರಿ. ಹೆಸರು, ವರ್ಷ, ಸರ್ವೆ ನಂಬರು ಬರೆದುಕೊಳ್ಳಿರಿ. ಒಂದು ಪ್ರತಿ ತಹಸೀಲ್ದಾರರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿರಿ, ಒಂದನ್ನು ಶಾಲೆಯಲ್ಲಿಡಿರಿ. ಅಜ್ಜಿಗೆ ವಯಸ್ಸಾಗಿದೆ. ಬೇಗ ಹೋಗಿರಿ.