ಹೆಬ್ಬೆಟ್ಟು ನಮ್ಮದು, ಪುಸ್ತಕ ಯಾರದು?

ನಮ್ಮೂರ ಸೊಸೈಟಿ ಮುಂದೆ ಅವ್ವ ಮೂರು ದಿನ ನಿಂತಳು. ಮಿಶನ್ನು ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ನಲವತ್ತು ವರ್ಷ ಕಳೆ ಕಿತ್ತು, ಕಬ್ಬು ಕಡಿದು, ಪಾತ್ರೆ ಉಜ್ಜಿ ಸವೆದ ಬೆಟ್ಟು ಅದು. ಅದರಲ್ಲಿ ಗೆರೆಯೇ ಉಳಿದಿರಲಿಲ್ಲ. "ಚೆನ್ನಾಗಿ ತೊಳ್ಕೊಂಡು ನಾಳೆ ಬಾ ಕಣವ್ವ" ಅಂದ ಅಂಗಡಿಯವನು. ನಾಳೆ ಹೋದರೆ ಸರ್ವರ್ ಇರಲಿಲ್ಲ. ಮೂರನೇ ದಿನ ಅವ್ವ ನನ್ನ ಕೇಳಿದಳು: "ಅದ್ರೊಳ್ಗೆ ನನ್ ಬಗ್ಗೆ ಏನ್ ಬರ್ದವ್ರೆ ಮಗ?" ನಮ್ಮ ಮನೆಯಲ್ಲಿ ಡಿಗ್ರಿ ಓದಿದವನು ನಾನೇ ಮೊದಲು. ನನಗೂ ಗೊತ್ತಿರಲಿಲ್ಲ.

ಗೆಳೆಯರೆ, ಅವ್ವನ ಪ್ರಶ್ನೆ ಹಳೆಯದು. ನಮ್ಮ ಹಳ್ಳಿಗಳಲ್ಲಿ ಪುಸ್ತಕ ಇದ್ದದ್ದು ಶಾನುಭೋಗನ ಮನೆಯಲ್ಲಿ. ಅದಕ್ಕೆ ಕಡತ ಅಂತಿದ್ದರು. ಕಪ್ಪು ಬಳಿದು ಮಡಿಚಿದ ಬಟ್ಟೆ, ಅದರ ಮೇಲೆ ಬಳಪದ ಬರಹ. ಒರೆಸಿ ಮತ್ತೆ ಬರೆಯಬಹುದಿತ್ತು. ಯಾವ ಹೊಲ ಯಾರದು, ಕಂದಾಯ ಎಷ್ಟು ಎಂಬುದನ್ನು ಬರೆಯುವವನೂ ಅವನೇ, ಓದಿ ಹೇಳುವವನೂ ಅವನೇ, ಒರೆಸುವವನೂ ಅವನೇ. 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ರದ್ದು ಮಾಡಿತು. ಆದರೆ ಮುಚ್ಚಿದ ಪುಸ್ತಕ ರದ್ದಾಗಲಿಲ್ಲ. ಅದು ಕೈ ಬದಲಿಸಿತು ಅಷ್ಟೆ.

ಹೆಬ್ಬೆಟ್ಟು ಅಂದರೆ ನಮ್ಮ ಭಾಷೆಯಲ್ಲಿ ಬೈಗುಳ. ಓದು ಬಾರದವನು ಅಂತ ಅರ್ಥ. ಓದುವುದಕ್ಕೇ ಬಿಡದವರು ಕೊಟ್ಟ ಹೆಸರು ಅದು. ಅದನ್ನು ಆಳುವ ಆಯುಧ ಮಾಡಿದ್ದು ಬ್ರಿಟಿಷರು. 1858ರಲ್ಲಿ, ದಂಗೆಯ ಹೊಗೆ ಇನ್ನೂ ಆರಿರದಾಗ, ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಇಡೀ ಅಂಗೈಯನ್ನು ಕರಾರುಪತ್ರದ ಹಿಂದೆ ಒತ್ತಿಸಿಕೊಂಡ. ನಾಳೆ ಈ ಸಹಿ ನನ್ನದಲ್ಲ ಅನ್ನದಿರಲಿ ಅಂತ ಹೆದರಿಸೋದಕ್ಕೆ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಹುಟ್ಟಿದ ಮಗುವೂ ಕಳ್ಳ ಎಂದು ರಿಜಿಸ್ಟರಿನಲ್ಲಿ ಬರೆದ ಕಾಯ್ದೆ. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಕೊರಚರಂಥ ಜನರನ್ನು ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿ ಹಾಜರಿ ಕರೆದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಲಕ್ಷಾಂತರ ಬೆರಳುಗಳನ್ನು ವಿಂಗಡಿಸುವ ಲೆಕ್ಕ ಹೊಂದಿಸಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದದ್ದು ಅವರ ಸಾಹೇಬನಿಗೆ. ಇವತ್ತಿಗೂ ಅದು 'ಹೆನ್ರಿ ಪದ್ಧತಿ'.

ಇದೇ ಬೆರಳಚ್ಚು ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೂ ಹೋಯಿತು. 1952ರ ಕಾನೂನಿನ ಪ್ರಕಾರ ಅಲ್ಲಿನ ಕರಿಯರು ತಮ್ಮ ನೆಲದಲ್ಲೇ ಓಡಾಡಲು ಪಾಸ್ ಪುಸ್ತಕ ಇಟ್ಟುಕೊಳ್ಳಬೇಕಾಯಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಬೇಡ ಅಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ 69 ಹೆಣ.

ಆ ಪಾಸಿಗೆ ಫೋಟೊ ಬೇಕು. ಕ್ಷಣದಲ್ಲಿ ಫೋಟೊ ತೆಗೆಯುವ ಯಂತ್ರ ಮಾಡುತ್ತಿದ್ದದ್ದು ಅಮೆರಿಕದ ಕೇಂಬ್ರಿಜ್ ಊರಿನ ಪೊಲರಾಯ್ಡ್ ಕಂಪನಿ. 1970ರಲ್ಲಿ ಅಲ್ಲಿ ಕೆಲಸಕ್ಕಿದ್ದ ಇಬ್ಬರು ಕರಿಯರು, ರಸಾಯನಶಾಸ್ತ್ರ ಓದಿದ ಕ್ಯಾರೊಲಿನ್ ಹಂಟರ್ ಮತ್ತು ಫೋಟೊಗ್ರಾಫರ್ ಕೆನ್ ವಿಲಿಯಮ್ಸ್, ಕಚೇರಿಯ ಗೋಡೆಯಲ್ಲಿ ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯ ಗುರುತಿನ ಚೀಟಿಯ ಮಾದರಿಯೊಂದನ್ನು ಕಂಡರು. ನಮ್ಮ ಕೈಕೆಲಸ ನಮ್ಮವರ ಕೊರಳಿಗೇ ಕಟ್ಟುತ್ತಿದೆ ಎಂದು ಅವರಿಗೆ ಹೊಳೆಯಿತು. ಕರಪತ್ರ ಹಂಚಿದರು, ಬಹಿಷ್ಕಾರಕ್ಕೆ ಕರೆ ಕೊಟ್ಟರು. ವಿಲಿಯಮ್ಸ್ ರಾಜೀನಾಮೆ ಕೊಟ್ಟ. ಹಂಟರ್‌ಳನ್ನು ಕಂಪನಿ 1971ರಲ್ಲಿ ಕೆಲಸದಿಂದ ತೆಗೆಯಿತು. ಅಲ್ಲಿನ ಸರ್ಕಾರಕ್ಕೆ ಮಾರುವುದನ್ನು ನಿಲ್ಲಿಸಿದ್ದೇವೆ ಎಂದು ಕಂಪನಿ ಹೇಳಿತು. ಅದರ ಏಜೆಂಟರು ಕಳ್ಳತನದಲ್ಲಿ ಮಾರುತ್ತಲೇ ಇದ್ದದ್ದು 1977ರಲ್ಲಿ ಬಯಲಾಗಿ, ಕಂಪನಿ ಆ ದೇಶ ಬಿಡಬೇಕಾಯಿತು. ನಮ್ಮ ಮುಖವನ್ನು ನಿಮ್ಮ ಪುಸ್ತಕಕ್ಕೆ ಕೊಡುವುದಿಲ್ಲ ಎಂಬ ಹೋರಾಟ ಇದು.

ಎರಡನೆಯ ಹೋರಾಟ ಹುಟ್ಟಿದ್ದೂ ಅದೇ ಕೇಂಬ್ರಿಜ್‌ನಲ್ಲಿ. 1980ರ ಸುಮಾರಿಗೆ ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ ಹೊಸ ಜೆರಾಕ್ಸ್ ಪ್ರಿಂಟರ್ ಬಂತು. ಹಳೆಯದರಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ರಿಚರ್ಡ್ ಸ್ಟಾಲ್ಮನ್ ಎಂಬುವನು ತಂತ್ರಾಂಶವನ್ನು ತಿದ್ದಿದ್ದ. ಹೊಸದನ್ನು ತಿದ್ದಲಾಗಲಿಲ್ಲ. ಅದರ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಬಲ್ಲ ಮೂಲ ಬರಹವನ್ನು, ಕಂಪನಿ ಕೊಟ್ಟಿರಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವನನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ ಅಂದ. ಗೆಳೆಯರೆ, ಓದಬಾರದ ಬರಹ ನಮಗೆ ಹೊಸದಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಎಂದ ಧರ್ಮಶಾಸ್ತ್ರ ನಮ್ಮ ದೇಶದ್ದು. ಅಲ್ಲಿ ಸೀಸದ ಜಾಗದಲ್ಲಿ ಕರಾರುಪತ್ರ ಇತ್ತು.

1983ರ ಸೆಪ್ಟೆಂಬರ್ 27ರಂದು ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದ. ತಂತ್ರಾಂಶವನ್ನು ಯಾರು ಬೇಕಾದರೂ ನಡೆಸಬಹುದು, ಓದಿ ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. 1989ರಲ್ಲಿ ಬಂದ ಜಿಪಿಎಲ್ ಎಂಬ ಪರವಾನಗಿಯ ತಿರುಳು ಇನ್ನೂ ಗಟ್ಟಿ. ಇದನ್ನು ಪಡೆದು ತಿದ್ದಿ ಹಂಚುವವನು ಮುಂದಿನವರಿಗೂ ಮೂಲ ಬರಹ ಕೊಡಲೇಬೇಕು. ಊರ ಕೆರೆಗೆ ಯಾರೂ ಬೇಲಿ ಹಾಕಬಾರದು ಅಂದ ಹಾಗೆ. 1991ರಲ್ಲಿ ಫಿನ್‌ಲೆಂಡಿನ 21ರ ಹುಡುಗ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದ. ಮರುವರ್ಷ ಅದೂ ಈ ಪರವಾನಗಿಯ ಕೆಳಗೆ ಬಂತು. ಗುರುತಿಲ್ಲದ ಸಾವಿರಾರು ಜನ ದೇಶದೇಶಗಳಿಂದ ಕೂಡಿ ದುಡಿದರು. ಮಾಲೀಕನಿಲ್ಲದೆ ಉತ್ಪಾದನೆ ನಡೆಯದು ಎಂಬ ಸುಳ್ಳು ಅಲ್ಲಿ ಬಿದ್ದುಹೋಯಿತು. ಸಮಾಜವಾದಿಗಳು ಇದನ್ನು ಮರೆಯಬಾರದು.

ಆದರೆ ಬಂಡವಾಳ ಸುಮ್ಮನೆ ಕೂರುತ್ತದೆಯೆ? 1998ರಲ್ಲಿ 'ಸ್ವತಂತ್ರ' ಎಂಬ ಮಾತು ವ್ಯಾಪಾರಿಗಳಿಗೆ ಮುಜುಗರ ಅಂತ 'ಓಪನ್ ಸೋರ್ಸ್' ಎಂಬ ಹೊಸ ಹೆಸರನ್ನು ಕೆಲವರು ತಂದರು. ಬಿಡುಗಡೆಯ ಮಾತು ಹಿಂದೆ ಸರಿದು ಲಾಭದ ಮಾತು ಮುಂದೆ ಬಂತು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಕಂಡಿತು. ಬ್ಯಾಂಕುಗಳೂ ಅಂಗಡಿಗಳೂ ಅದನ್ನೇ ಬೀಗ ಮಾಡಿಕೊಂಡಿದ್ದವು. ಅದನ್ನು ನೋಡಿಕೊಳ್ಳಲು ಪೂರ್ತಿ ಹೊತ್ತು ದುಡಿಯುವವನು ಒಬ್ಬನೇ. ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರು. ಇದಕ್ಕೆ ನಮ್ಮ ಕೇರಿಯಲ್ಲಿ ಒಂದು ಮಾತಿದೆ: ಬಿಟ್ಟಿ ಚಾಕರಿ. 2019ರಲ್ಲಿ ಐಬಿಎಂ ಲಿನಕ್ಸ್ ವ್ಯಾಪಾರದ ರೆಡ್ ಹ್ಯಾಟ್ ಕಂಪನಿಯನ್ನು 3400 ಕೋಟಿ ಡಾಲರಿಗೆ ಕೊಂಡಿತು.

ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು. ಜಿಪಿಎಲ್ ಕೋಡ್ ಕೇಳುವುದು ತಂತ್ರಾಂಶ ಹಂಚಿದಾಗ. ಕಂಪನಿ ಅದನ್ನು ಹಂಚದೆ ತನ್ನ ಸರ್ವರಿನಲ್ಲೇ ಇಟ್ಟು ನಡೆಸಿದರೆ ಏನನ್ನೂ ಕೊಡಬೇಕಾಗಿಲ್ಲ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲು ಲಿನಕ್ಸ್, ಎಲ್ಲರೂ ಓದಬಹುದು. ನಾವು ಎಲ್ಲಿ ಹೋದೆವು, ಯಾರ ಜೊತೆ ಮಾತಾಡಿದೆವು ಎಂಬುದು ಹೋಗಿ ಸೇರುವ ಸರ್ವರನ್ನು ಯಾರೂ ಓದಲಾಗದು. ಆಧಾರ್ ಕಟ್ಟಿದ್ದೂ ಬಹಳಷ್ಟು ಓಪನ್ ಸೋರ್ಸ್ ತಂತ್ರಾಂಶಗಳ ಮೇಲೆಯೇ. ಆದರೆ ಅವ್ವನ ಬೆಟ್ಟನ್ನು ಬೇಡ ಅನ್ನುವ ಕೋಡ್ ಜನರ ಮುಂದಿಲ್ಲ. ಕೋಡ್ ಸ್ವತಂತ್ರವಾದರೆ ಸಾಲದು. ಯಂತ್ರ ಯಾರ ಒಡೆತನದಲ್ಲಿದೆ ಅನ್ನೋದೇ ಪ್ರಶ್ನೆ.

ಬಡವರಿಗೆ ಅನ್ನ ಬೇಕು, ಖಾಸಗಿತನ ಯಾಕೆ ಅಂತ ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಾದವೂ ಹೆಚ್ಚುಕಡಿಮೆ ಅದೇ ಆಗಿತ್ತು. ಕೇಸು ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಬಡವರಿಗೆ ಹೊಟ್ಟೆಪಾಡು ಬಿಟ್ಟು ಬೇರೆ ಹಕ್ಕು ಬೇಡ ಎಂಬ ವಾದವನ್ನು ತಳ್ಳಿದರು. ಮರುವರ್ಷ ಐವರ ಪೀಠದಲ್ಲಿ ನಾಲ್ವರು ಆಧಾರ್ ಕಾಯ್ದೆಯನ್ನು ಬಹುಪಾಲು ಉಳಿಸಿದರು. ಒಬ್ಬರು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿದಾಗ ಜಾತಿ ಹೇಳದೆ ಉಳಿಯಬೇಕಾದ ನಮ್ಮ ಹುಡುಗನಿಗೆ ಖಾಸಗಿತನ ಶೋಕಿ ಅಲ್ಲ, ತಲೆಯ ಮೇಲಿನ ಸೂರು.

ಪುಸ್ತಕ ತೆರೆಸುವ ಹೋರಾಟ ಅಮೆರಿಕದಿಂದ ಕಲಿಯಬೇಕಾದ್ದೂ ಅಲ್ಲ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು ಕಾಮಗಾರಿಯ ಲೆಕ್ಕವನ್ನು ಜನರ ನಡುವೆ ಗಟ್ಟಿಯಾಗಿ ಓದಿಸಿದರು. ಆ ಹೋರಾಟ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಬಂತು. ಸ್ಟಾಲ್ಮನ್ ಪ್ರಿಂಟರಿನ ಮುಂದೆ ಕೇಳಿದ್ದನ್ನೇ ಅವರು ಪಂಚಾಯ್ತಿ ಮುಂದೆ ಕೇಳಿದ್ದು. 2020ರ ಏಪ್ರಿಲ್‌ನಲ್ಲಿ ಕೊರೋನಾ ಹೊತ್ತಿನ ಆರೋಗ್ಯಸೇತು ಮುಚ್ಚಿಕೊಂಡೇ ಬಂತು. ಜನ ಕೇಳಿದರು, ಮೇ ತಿಂಗಳಲ್ಲಿ ಅದರ ಆಂಡ್ರಾಯ್ಡ್ ಕೋಡ್ ಹೊರಬಂತು. ಕೇಳಿದರೆ ಸಿಗುತ್ತದೆ. ಕೇಳದಿದ್ದರೆ ಇದ್ದದ್ದೂ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಒಂದು ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ನೆಪಕ್ಕೆ ಬಾಗಿಲು ಅಗಲ ಮಾಡಿತು. ಖಾಸಗಿತನ ನಮಗೆ ಸಿಕ್ಕಿತು ಅನ್ನುವಷ್ಟರಲ್ಲಿ ಅದನ್ನು ಅಧಿಕಾರಿ ಹೊದ್ದುಕೊಂಡ.

ಆದ್ದರಿಂದ ಎರಡು ಬೇಡಿಕೆಯನ್ನು ಬಿಡಿಸಿ ಕೇಳಬೇಡಿ. ಆಳುವವರ ಪುಸ್ತಕ ತೆರೆದಿರಬೇಕು, ಆಳಿಸಿಕೊಳ್ಳುವವರ ಬದುಕು ಅವರಿಗೆ ತೆರೆದಿರಬಾರದು. ಇವತ್ತು ನಡೆಯುತ್ತಿರುವುದು ಇದರ ತಿರುವುಮುರುವು. ಮೇಷ್ಟರುಗಳೆ, ನಿಮ್ಮ ಶಾಲೆಗೆ ಬರುವ ಕಂಪ್ಯೂಟರಿಗೆ ಸ್ವತಂತ್ರ ತಂತ್ರಾಂಶ ಕೇಳಿ. ಮಕ್ಕಳ ಹೆಸರು, ಜಾತಿ, ಫೋಟೊ ಯಾವ ಆ್ಯಪಿಗೆ ಹೋಗುತ್ತಿದೆ ಎಂದು ಕೇಳಿ. ವಿದ್ಯಾರ್ಥಿಗಳೆ, ನಮ್ಮ ಕೇರಿಯಿಂದ ಕೋಡ್ ಓದಬಲ್ಲವರು ಬರಬೇಕು. ಓದಬಲ್ಲವರಿಲ್ಲದಿದ್ದರೆ ತೆರೆದ ಪುಸ್ತಕವೂ ಮುಚ್ಚಿದ ಹಾಗೆಯೇ.

ಮುಂದಿನ ಗ್ರಾಮಸಭೆಗೆ ಅವ್ವ ಬರುತ್ತಾಳೆ. ಅವಳ ಪ್ರಶ್ನೆಯನ್ನು ಅವಳೇ ಕೇಳಲಿ. ನಾವು ಹಿಂದೆ ನಿಲ್ಲೋಣ.