ನೌಕರಿ ಬಿಡದೆ ಕೇಂದ್ರೀಯ ಬ್ಯಾಂಕಿಂಗ್ ವ್ಯಾಸಂಗ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ಪಟ್ಟಣಗಳಲ್ಲಿ ಆಯಾ ಊರಿನ ಹೆಸರನ್ನೇ ಹೊತ್ತ ಅರ್ಬನ್ ಕೋ-ಆಪರೇಟಿವ್ ಬ್ಯಾಂಕುಗಳಿವೆ. ಇಂತಹ ಪಟ್ಟಣ ಸಹಕಾರಿ ಬ್ಯಾಂಕುಗಳ ಮೇಲೆ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಂತ್ರಣ 2020ರಿಂದೀಚೆಗೆ ಬಿಗಿಯಾಗಿದ್ದು, ನಿಯಮಗಳನ್ನು ಅರಿತ ಸಿಬ್ಬಂದಿಯ ಅಗತ್ಯ ಹೆಚ್ಚಿದೆ. ಊರು ಮತ್ತು ನೌಕರಿ ಎರಡನ್ನೂ ಬಿಡದೆ ಈ ವಿಷಯವನ್ನು ಅಭ್ಯಸಿಸಲು ಅವಕಾಶಗಳಿವೆ.

ಹಿನ್ನೆಲೆ

2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕ್ ಹಾಗೂ 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಒಳಗಾದವು. ಬೆಂಗಳೂರಿನ ಬ್ಯಾಂಕಿನಿಂದ ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು ಆರಂಭದಲ್ಲಿ 35,000 ರೂಪಾಯಿಗೆ ಸೀಮಿತಗೊಳಿಸಲಾಗಿತ್ತು. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಅದೇ ವರ್ಷ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಗಿ, ಸಹಕಾರಿ ಬ್ಯಾಂಕುಗಳ ಆಡಳಿತ ಮತ್ತು ಲೆಕ್ಕಪರಿಶೋಧನೆಯ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ದೊರೆಯಿತು. 100 ಕೋಟಿ ರೂಪಾಯಿ ಹಾಗೂ ಅದಕ್ಕೂ ಮೇಲ್ಪಟ್ಟ ಠೇವಣಿಯುಳ್ಳ ಪಟ್ಟಣ ಸಹಕಾರಿ ಬ್ಯಾಂಕುಗಳು ಪರಿಣತರನ್ನೊಳಗೊಂಡ ವ್ಯವಸ್ಥಾಪನಾ ಮಂಡಳಿಯನ್ನು ರಚಿಸಬೇಕೆಂದು 2019ರ ಡಿಸೆಂಬರಿನಲ್ಲಿಯೇ ಸೂಚಿಸಲಾಗಿತ್ತು.

ಎರಡು ಹಂತದ ಪರೀಕ್ಷೆ

ಮುಂಬಯಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ 1928ರಲ್ಲಿ ಸ್ಥಾಪನೆಯಾಯಿತು. ಇದು ನಡೆಸುವ ಜೆಎಐಐಬಿ ಮತ್ತು ಸಿಎಐಐಬಿ ಪರೀಕ್ಷೆಗಳು ಬ್ಯಾಂಕ್ ನೌಕರರಲ್ಲಿ ಚಿರಪರಿಚಿತ. ಪಾಠ ಮನೆಯಲ್ಲಿ, ಪರೀಕ್ಷೆ ನಿಗದಿತ ಕೇಂದ್ರದ ಕಂಪ್ಯೂಟರಿನಲ್ಲಿ.

ಜೆಎಐಐಬಿಯಲ್ಲಿ 4 ಪತ್ರಿಕೆಗಳಿವೆ. ಅದರಲ್ಲಿ ತೇರ್ಗಡೆಯಾದವರು ಸಿಎಐಐಬಿಗೆ ಅರ್ಹರು. 2023ರಲ್ಲಿ ಜಾರಿಗೆ ಬಂದ ಸಿಎಐಐಬಿ ಪಠ್ಯಕ್ರಮದಲ್ಲಿ 4 ಕಡ್ಡಾಯ ಪತ್ರಿಕೆಗಳಿದ್ದು, ಬ್ಯಾಂಕಿಂಗ್ ನಿಯಂತ್ರಣ ಮತ್ತು ವ್ಯವಹಾರ ಕಾನೂನು ಅವುಗಳಲ್ಲೊಂದು. ಐದನೆಯದಾದ ಐಚ್ಛಿಕ ಪತ್ರಿಕೆಗೆ ಕೇಂದ್ರೀಯ ಬ್ಯಾಂಕಿಂಗ್ ಅನ್ನು ಆಯ್ದುಕೊಳ್ಳಬಹುದು. ಕೇಂದ್ರೀಯ ಬ್ಯಾಂಕಿನ ಕಾರ್ಯ, ಹಣಕಾಸು ನೀತಿ, ಮೇಲ್ವಿಚಾರಣೆ ಹಾಗೂ ಆರ್ಥಿಕ ಸ್ಥಿರತೆ ಇದರ ವಸ್ತು.

ಗಮನಿಸಬೇಕಾದ ಅಂಶಗಳು

ಜೆಎಐಐಬಿಗೆ 12ನೇ ತರಗತಿ ತೇರ್ಗಡೆ ಕನಿಷ್ಠ ಅರ್ಹತೆ. ಅಭ್ಯರ್ಥಿ ದುಡಿಯುವ ಬ್ಯಾಂಕು ಇನ್‌ಸ್ಟಿಟ್ಯೂಟಿನ ಸದಸ್ಯತ್ವ ಪಡೆದಿರಬೇಕು. ಸಣ್ಣ ಸಹಕಾರಿ ಬ್ಯಾಂಕಿನ ನೌಕರರು ಮೊದಲು ಇದನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಪರೀಕ್ಷಾ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಕನ್ನಡದಲ್ಲೇ ವ್ಯವಹರಿಸುವ ಸಿಬ್ಬಂದಿಗೆ ಇದು ನಿಜವಾದ ತೊಡಕು.

ಇತರ ಮಾರ್ಗಗಳು

1969ರಲ್ಲಿ ರಿಸರ್ವ್ ಬ್ಯಾಂಕು ಪುಣೆಯಲ್ಲಿ ಸ್ಥಾಪಿಸಿದ ಕೃಷಿ ಬ್ಯಾಂಕಿಂಗ್ ಮಹಾವಿದ್ಯಾಲಯವು ಸಹಕಾರಿ ಬ್ಯಾಂಕುಗಳ ಅಧಿಕಾರಿಗಳಿಗೂ ತರಬೇತಿ ನೀಡುತ್ತದೆ. ವಿದೇಶಿ ಪದವಿ ಬಯಸುವವರಿಗೆ, ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯವು ಬ್ಯಾಂಕ್ ಆಫ್ ಇಂಗ್ಲೆಂಡ್ ಸಹಯೋಗದಲ್ಲಿ ಕೇಂದ್ರೀಯ ಬ್ಯಾಂಕಿಂಗ್ ಮತ್ತು ಹಣಕಾಸು ನಿಯಂತ್ರಣ ಕುರಿತು ರೂಪಿಸಿದ ಅರೆಕಾಲಿಕ ಆನ್‌ಲೈನ್ ವ್ಯಾಸಂಗವಿದೆ. ಆದರೆ ಅದರ ಶುಲ್ಕ ಪೌಂಡುಗಳಲ್ಲಿ. ಪಟ್ಟಣ ಸಹಕಾರಿ ಬ್ಯಾಂಕಿನ ಗುಮಾಸ್ತರಿಗೆ ಕೈಗೆಟುಕುವ ಮೊದಲ ಮೆಟ್ಟಿಲು ಜೆಎಐಐಬಿಯೇ.