ಕ್ರೋಶಾ ಶಾಲು

ಕ್ರೋಶಾ ಶಾಲು ಎಂಬುದು ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಕಡ್ಡಿಯ ನೆರವಿನಿಂದ ನೂಲನ್ನು ಕುಣಿಕೆಗಳಾಗಿ ಎಳೆದು ಹೆಣೆದ ಹೊದಿಕೆ. ಹೆಗಲು ಮತ್ತು ಬೆನ್ನನ್ನು ಮುಚ್ಚುವಷ್ಟು ಅಗಲವಿರುವ ಈ ವಸ್ತ್ರವನ್ನು ತ್ರಿಕೋನ, ಆಯತ, ಅರ್ಧಚಂದ್ರ ಮೊದಲಾದ ಆಕಾರಗಳಲ್ಲಿ ಮಾಡುವುದುಂಟು. ಇದಕ್ಕೆ ಮಗ್ಗವಾಗಲಿ ಹೊಲಿಗೆಯಂತ್ರವಾಗಲಿ ಬೇಕಿಲ್ಲ. ಒಂದು ಕಡ್ಡಿ, ಒಂದಿಷ್ಟು ನೂಲು, ಒಂದು ಕತ್ತರಿ ಸಾಕು. ಸಲಕರಣೆ ಇಷ್ಟು ಸರಳವಾಗಿರುವುದರಿಂದ ಮನೆಯಲ್ಲಿಯೇ, ರಜೆಯ ದಿನಗಳಲ್ಲಿ, ಹಿರಿಯರ ಬಳಿ ಕುಳಿತು ಕಲಿಯುವುದಕ್ಕೆ ಈ ಕಲೆ ಬಹಳ ಅನುಕೂಲವಾಗಿದೆ. ಮನೆಯೊಳಗೆ ಬೆಳೆದ ಕಲೆಯಾದ ಕಾರಣಕ್ಕೇ ಇದರ ಹಿಂದಿನ ದುಡಿಮೆಯನ್ನು ಬರಿಯ ಬಿಡುವಿನ ಕೆಲಸವೆಂದು ಹಗುರವಾಗಿ ಎಣಿಸುವ ರೂಢಿಯೂ ಇದೆ.

ಹೆಸರು ಮತ್ತು ಸ್ವರೂಪ

‘ಕ್ರೋಶಾ’ ಎಂಬುದು ಸಣ್ಣ ಕೊಕ್ಕೆ ಎಂಬ ಅರ್ಥವುಳ್ಳ ಫ್ರೆಂಚ್ ಪದದಿಂದ ಬಂದಿದೆ. ಕನ್ನಡದಲ್ಲಿ ಕ್ರೋಶಾ, ಕ್ರೋಶೆ, ಕ್ರೋಷಾ ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. ಸಲಕರಣೆಯನ್ನು ಕ್ರೋಶಾ ಕಡ್ಡಿ ಅಥವಾ ಕ್ರೋಶಾ ಸೂಜಿ ಎನ್ನುತ್ತಾರೆ.

ಕ್ರೋಶಾವನ್ನು ಅದಕ್ಕೆ ಹತ್ತಿರದ ಇತರ ಕಲೆಗಳಿಂದ ಬೇರ್ಪಡಿಸಿ ನೋಡಬೇಕು. ಕಸೂತಿಯು ಈಗಾಗಲೇ ಇರುವ ಬಟ್ಟೆಯ ಮೇಲೆ ದಾರದಿಂದ ಚಿತ್ರ ಬಿಡಿಸುವ ಕಲೆ. ಕ್ರೋಶಾದಲ್ಲಿ ನೂಲೇ ಬಟ್ಟೆಯಾಗುತ್ತದೆ. ಕರ್ನಾಟಕದ ಕುರಿಯುಣ್ಣೆಯ ಕಂಬಳಿಯು ಮಗ್ಗದ ಮೇಲೆ ಹಾಸು ಹೊಕ್ಕುಗಳಿಂದ ಸಿದ್ಧವಾಗುವ ನೇಯ್ಗೆ. ಸ್ವೆಟರ್ ಹೆಣೆಯುವ ಎರಡು ಕಡ್ಡಿಗಳ ಕೆಲಸದಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕಡ್ಡಿ ಜಾರಿದರೆ ಅವೆಲ್ಲವೂ ಕಳಚಿಕೊಳ್ಳುವ ಅಪಾಯವುಂಟು. ಕ್ರೋಶಾದ ಸಾಮಾನ್ಯ ವಿಧಾನದಲ್ಲಿ ಒಂದು ಹೆಣಿಗೆ ಮುಗಿದಾಗ ಕಡ್ಡಿಯ ಮೇಲೆ ಉಳಿಯುವುದು ಒಂದೇ ಒಂದು ಕುಣಿಕೆ. ಆದ್ದರಿಂದ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಎದ್ದುಹೋಗಬಹುದು. ತಪ್ಪಿದಾಗ ನೂಲಿನ ತುದಿಯನ್ನು ಎಳೆದು, ತಪ್ಪಿದ ಸ್ಥಳದವರೆಗೆ ಬಿಚ್ಚಿ, ಅದೇ ನೂಲಿನಿಂದ ಮತ್ತೆ ಹೆಣೆಯಬಹುದು. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ಧೈರ್ಯ.

ಇತಿಹಾಸ

ಇಂದಿನ ರೂಪದ ಕ್ರೋಶಾ 19ನೆಯ ಶತಮಾನದ ಯುರೋಪಿನಲ್ಲಿ ಜನಪ್ರಿಯವಾಯಿತು. 1823ರಲ್ಲಿ ‘ಪೆನೆಲೊಪೆ’ ಎಂಬ ಡಚ್ ಪತ್ರಿಕೆಯಲ್ಲಿ ಕ್ರೋಶಾ ಮಾದರಿಗಳು ಅಚ್ಚಾದವು. 1840ರ ದಶಕದಲ್ಲಿ ಎಲಿಯನೋರ್ ರೀಗೊ ದ ಲಾ ಬ್ರಾಂಷಾರ್ಡಿಯೇರ್ ಎಂಬ ಲೇಖಕಿಯ ಮಾದರಿ ಪುಸ್ತಕಗಳು ಈ ಕಲೆಯನ್ನು ಓದುಬಲ್ಲ ಮಹಿಳೆಯರ ಮನೆಗಳಿಗೆ ತಲುಪಿಸಿದವು.

ಅದೇ ದಶಕದಲ್ಲಿ ಐರ್ಲೆಂಡಿನಲ್ಲಿ ಈ ಕಲೆಗೆ ಬೇರೆಯೇ ಮಹತ್ವ ಬಂದಿತು. 1845ರಿಂದ ಅಲ್ಲಿನ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಕ್ಷಾಮ ತಲೆದೋರಿತು. ಕಾರ್ಕ್ ಪ್ರದೇಶದ ಸನ್ಯಾಸಿನಿಯರ ಮಠಗಳಲ್ಲಿ, ಹಾಗೆಯೇ ಮೊನಹನ್ ಪ್ರಾಂತದ ಕ್ಲೋನ್ಸ್ ಪಟ್ಟಣದಲ್ಲಿ ಕಸ್ಸಾಂಡ್ರಾ ಹ್ಯಾಂಡ್ ಎಂಬ ಮಹಿಳೆಯ ಪ್ರಯತ್ನದಿಂದ, ಬಡ ಕುಟುಂಬಗಳ ಹೆಂಗಸರಿಗೂ ಹುಡುಗಿಯರಿಗೂ ಕ್ರೋಶಾ ಲೇಸ್ ಹೆಣೆಯುವುದನ್ನು ಕಲಿಸಲಾಯಿತು. ಅದನ್ನು ಮಾರಿ ಬಂದ ಹಣ ಅನೇಕ ಮನೆಗಳಿಗೆ ಆಧಾರವಾಯಿತು.

ಅರಮನೆಯೂ ಈ ಕಲೆಗೆ ಹೊರತಾಗಿರಲಿಲ್ಲ. ಬ್ರಿಟನ್ನಿನ ರಾಣಿ ವಿಕ್ಟೋರಿಯಾ ತಮ್ಮ ಜೀವಿತದ ಕೊನೆಯ ವರ್ಷಗಳಲ್ಲಿ 8 ಕೊರಳವಸ್ತ್ರಗಳನ್ನು ಸ್ವತಃ ಕ್ರೋಶಾದಿಂದ ಹೆಣೆದರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಹೋರಾಡುತ್ತಿದ್ದ ಸೈನಿಕರಿಗೆ 1900ರಲ್ಲಿ ಅವನ್ನು ಕೊಡಲಾಯಿತು.

1885ರಲ್ಲಿ ‘ಪ್ರೇರೀ ಫಾರ್ಮರ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾದ ಚೌಕದ ಮಾದರಿಯು ಇಂದು ‘ಗ್ರಾನಿ ಸ್ಕ್ವೇರ್’, ಅಂದರೆ ಅಜ್ಜಿಯ ಚೌಕ, ಎಂದು ಹೆಸರಾದ ಹೆಣಿಗೆಯ ಹಳೆಯ ಮುದ್ರಿತ ರೂಪಗಳಲ್ಲಿ ಒಂದು. ಮನೆಯಲ್ಲಿ ಉಳಿದ ತುಂಡು ನೂಲುಗಳಿಂದ ಬಣ್ಣಬಣ್ಣದ ಚೌಕಗಳನ್ನು ಹೆಣೆದು, ಒಂದಕ್ಕೊಂದು ಜೋಡಿಸಿ ಹೊದಿಕೆಯನ್ನೋ ಶಾಲನ್ನೋ ಮಾಡುವುದು ಇದರ ಕ್ರಮ.

ಸಾಮಗ್ರಿ

ಶಾಲಿಗೆ ಉಣ್ಣೆ, ಹತ್ತಿ, ಅಕ್ರಿಲಿಕ್ ಅಥವಾ ಇವುಗಳ ಮಿಶ್ರಣದ ನೂಲನ್ನು ಬಳಸುತ್ತಾರೆ. ಉಣ್ಣೆ ಬೆಚ್ಚಗಿರುತ್ತದೆ, ಆದರೆ ನುಸಿಗೆ ಈಡಾಗುತ್ತದೆ. ಅಕ್ರಿಲಿಕ್ ಅಗ್ಗವಾಗಿದ್ದು ಒಗೆಯಲು ಸುಲಭ. ಹತ್ತಿಯ ಶಾಲು ಭಾರವಾದರೂ ಸೆಕೆಯ ಊರುಗಳಿಗೆ ಹೊಂದುತ್ತದೆ. ಮಧ್ಯಮ ದಪ್ಪದ ನೂಲಿಗೆ 4ರಿಂದ 5.5 ಮಿಲಿಮೀಟರ್ ದಪ್ಪದ ಕಡ್ಡಿ ಸಾಮಾನ್ಯ. ನೂಲಿಗೆ ತಕ್ಕುದಕ್ಕಿಂತ ತುಸು ದಪ್ಪನಾದ ಕಡ್ಡಿಯನ್ನು ಆರಿಸಿದರೆ ಹೆಣಿಗೆ ಸಡಿಲವಾಗಿ ಶಾಲು ಮೈಮೇಲೆ ಮೃದುವಾಗಿ ಇಳಿಬೀಳುತ್ತದೆ; ಸಣ್ಣ ಕಡ್ಡಿಯಿಂದ ಬಿಗಿಯಾಗಿ ಹೆಣೆದರೆ ಅದು ಚಾಪೆಯಂತೆ ಸೆಟೆದು ನಿಲ್ಲುತ್ತದೆ.

ಮೂಲ ಹೆಣಿಗೆಗಳು

ಕ್ರೋಶಾದ ಎಲ್ಲ ವಿನ್ಯಾಸಗಳೂ ಕೆಲವೇ ಮೂಲ ಹೆಣಿಗೆಗಳಿಂದ ಹುಟ್ಟುತ್ತವೆ. ಕುಣಿಕೆಯೊಳಗಿನಿಂದ ನೂಲನ್ನು ಎಳೆದು ಮತ್ತೊಂದು ಕುಣಿಕೆ ಮಾಡುತ್ತ ಹೋದರೆ ಸರಪಳಿ ಅಥವಾ ಚೈನ್ ಸಿದ್ಧವಾಗುತ್ತದೆ. ಈ ಸರಪಳಿಯ ಮೇಲೆ ಗಿಡ್ಡ ಹೆಣಿಗೆಗಳನ್ನೂ, ಕಡ್ಡಿಗೆ ಮೊದಲೇ ಒಂದು ಸುತ್ತು ನೂಲು ಹಾಕಿ ಎಳೆಯುವ ಎತ್ತರದ ಹೆಣಿಗೆಗಳನ್ನೂ ಕಟ್ಟಲಾಗುತ್ತದೆ. ಈ ಎತ್ತರದ ಹೆಣಿಗೆಯನ್ನು ಇಲ್ಲಿ ‘ಕಂಬ’ ಎಂದು ಕರೆಯಲಾಗಿದೆ.

ಅಮೆರಿಕದ ಮತ್ತು ಬ್ರಿಟನ್ನಿನ ಪರಿಭಾಷೆಗಳು ಒಂದೇ ಅಲ್ಲ. ಅಮೆರಿಕದ ಪುಸ್ತಕಗಳಲ್ಲಿ ‘ಸಿಂಗಲ್ ಕ್ರೋಶೆ’ ಎನಿಸಿಕೊಳ್ಳುವ ಹೆಣಿಗೆಯು ಬ್ರಿಟನ್ನಿನಲ್ಲಿ ‘ಡಬಲ್ ಕ್ರೋಶೆ’. ಅಮೆರಿಕದ ‘ಡಬಲ್’ ಬ್ರಿಟನ್ನಿನಲ್ಲಿ ‘ಟ್ರೆಬಲ್’. ಇಲ್ಲಿ ಕಂಬವೆಂದು ಕರೆದಿರುವುದು ಈ ಎರಡನೆಯದನ್ನೇ. ಮಾದರಿಯನ್ನು ಅನುಸರಿಸುವ ಮೊದಲು ಅದು ಯಾವ ದೇಶದ ಪರಿಭಾಷೆಯದೆಂದು ನೋಡಿಕೊಳ್ಳದಿದ್ದರೆ ಶಾಲಿನ ಅಳತೆಯೇ ಬದಲಾಗುತ್ತದೆ.

ತ್ರಿಕೋನ ಶಾಲಿನ ರಚನೆ

ಆರಂಭಿಕರಿಗೆ ಹೆಚ್ಚಾಗಿ ಸೂಚಿಸುವ ಮಾದರಿಯೆಂದರೆ ಅಜ್ಜಿಯ ಚೌಕದ ವಿಧಾನದಲ್ಲಿಯೇ ಹೆಣೆಯುವ ತ್ರಿಕೋನ ಶಾಲು. ಇದು ಕತ್ತಿನ ಹಿಂಭಾಗಕ್ಕೆ ಬರುವ ಬಿಂದುವಿನಿಂದ ಆರಂಭವಾಗಿ ಕೆಳಕ್ಕೆ ಬೆಳೆಯುತ್ತದೆ.

• ಆರಂಭ: 4 ಸರಪಳಿಗಳನ್ನು ಹೆಣೆದು ತುದಿಗಳನ್ನು ಸೇರಿಸಿ ಒಂದು ಉಂಗುರ ಮಾಡಬೇಕು.
• 1ನೆಯ ಸಾಲು: 4 ಸರಪಳಿ ಹಾಕಿ, ಉಂಗುರದೊಳಗೆ 3 ಕಂಬ, 2 ಸರಪಳಿ, 3 ಕಂಬ, 1 ಸರಪಳಿ, 1 ಕಂಬ ಹೆಣೆಯಬೇಕು. ನಡುವಿನ 2 ಸರಪಳಿಗಳ ಸ್ಥಳವೇ ಶಾಲಿನ ಬೆನ್ನೆಲುಬು.
• 2ನೆಯ ಸಾಲು ಮತ್ತು ಮುಂದಿನವು: ಹೆಣಿಗೆಯನ್ನು ತಿರುಗಿಸಿ 4 ಸರಪಳಿ ಹಾಕಬೇಕು. ಅಂಚಿನ ಸಂದಿಯಲ್ಲಿ 3 ಕಂಬ, ಬಳಿಕ ಎರಡು ಗುಂಪುಗಳ ನಡುವಣ ಪ್ರತಿಯೊಂದು ಸಂದಿಯಲ್ಲಿಯೂ 3 ಕಂಬ. ನಟ್ಟನಡುವೆ 3 ಕಂಬ, 2 ಸರಪಳಿ, 3 ಕಂಬ. ಇನ್ನೊಂದು ಬದಿಯಲ್ಲಿಯೂ ಹಾಗೆಯೇ ಹೆಣೆದು, ಕೊನೆಯ ಸಂದಿಯಲ್ಲಿ 3 ಕಂಬ ಮತ್ತು 1 ಸರಪಳಿಯ ನಂತರ, ಹಿಂದಿನ ಸಾಲಿನ ಮೊದಲ 4 ಸರಪಳಿಗಳಲ್ಲಿ 3ನೆಯದಕ್ಕೆ 1 ಕಂಬ ಹಾಕಿ ಮುಗಿಸಬೇಕು.

ಇದರ ಲೆಕ್ಕ ಸುಲಭ. ಮೊದಲ ಸಾಲಿನಲ್ಲಿ 3 ಕಂಬಗಳ 2 ಗುಂಪುಗಳು, ಎರಡನೆಯದರಲ್ಲಿ 4, ಮೂರನೆಯದರಲ್ಲಿ 6. ಯಾವುದೇ ಸಾಲಿನಲ್ಲಿ ಗುಂಪುಗಳ ಸಂಖ್ಯೆಯು ಆ ಸಾಲಿನ ಕ್ರಮಾಂಕದ ಎರಡರಷ್ಟು ಇರಬೇಕು. ಇಲ್ಲದಿದ್ದರೆ ಎಲ್ಲಿಯೋ ತಪ್ಪಿದೆ ಎಂದರ್ಥ. ಆರಂಭಿಕರು ಸಾಮಾನ್ಯವಾಗಿ ಎಡವುವುದು ಅಂಚಿನಲ್ಲಿ: ಕೊನೆಯ ಕಂಬವನ್ನು ಮರೆತರೆ ತ್ರಿಕೋನದ ಅಂಚು ಓರೆಯಾಗುತ್ತದೆ.

ಇದೇ ಲೆಕ್ಕದಿಂದ ಶ್ರಮದ ಅಂದಾಜೂ ಸಿಗುತ್ತದೆ. 40 ಸಾಲುಗಳ ಶಾಲಿನಲ್ಲಿ ಒಟ್ಟು 1,640 ಗುಂಪುಗಳು, ಅಂದರೆ ಅಂಚಿನವನ್ನು ಬಿಟ್ಟು 4,920 ಕಂಬಗಳಿರುತ್ತವೆ. ಮೊದಲ 10 ಸಾಲುಗಳಿಗೆ 110 ಗುಂಪುಗಳು ಸಾಕಾದರೆ ಕೊನೆಯ 10 ಸಾಲುಗಳಿಗೆ 710 ಬೇಕು. ಆರಂಭದಲ್ಲಿ ಬೇಗ ಬೇಗ ಬೆಳೆದ ಶಾಲು ಮುಕ್ತಾಯದ ಹೊತ್ತಿಗೆ ನಿಧಾನವಾಗುವುದು ಇದರಿಂದಲೇ. ಅನೇಕ ಶಾಲುಗಳು ಅರ್ಧದಲ್ಲಿ ನಿಂತು ಪೆಟ್ಟಿಗೆ ಸೇರುವುದಕ್ಕೂ ಇದೊಂದು ಕಾರಣ.

ಕಲಿಕೆ ಮತ್ತು ಕುಟುಂಬ

ಕ್ರೋಶಾವನ್ನು ಪುಸ್ತಕದಿಂದಲೂ ವಿಡಿಯೊಗಳಿಂದಲೂ ಕಲಿಯಬಹುದಾದರೂ, ಎಡಗೈಯ ಬೆರಳುಗಳಲ್ಲಿ ನೂಲನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದನ್ನು ಕಲಿಸುವವರ ಕೈಯನ್ನು ಹತ್ತಿರದಿಂದ ನೋಡಿ ಅರಿಯುವುದು ಸುಲಭ. ಬಲಗೈಯವರು ಬಲಗೈಯ ಮಗುವಿಗೆ ಕಲಿಸುವಾಗ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುತ್ತಾರೆ. ಎಡಗೈ ಬಳಸುವ ಮಗುವನ್ನು ಎದುರಿಗೆ ಕುಳ್ಳಿರಿಸಿದರೆ ಕನ್ನಡಿಯಲ್ಲಿ ಕಂಡಂತೆ ಅದೇ ಚಲನೆಯನ್ನು ಅನುಕರಿಸಬಹುದು. ಕಡ್ಡಿಯನ್ನು ಬಲಗೈಗೆ ಬದಲಿಸುವಂತೆ ಒತ್ತಾಯಿಸುವ ಅಗತ್ಯವಿಲ್ಲ. ಮೊದಲ ದಿನಗಳಲ್ಲಿ ಕುಣಿಕೆಗಳು ಕಾಣುವಂತೆ ತಿಳಿಬಣ್ಣದ, ತುಸು ದಪ್ಪನಾದ ನೂಲನ್ನು ಕೊಡುವುದು ಒಳ್ಳೆಯದು.

ಇಂಥ ಕಲಿಕೆಗೆ ಬೇಕಾದ ಬಿಡುವು ಮನೆಮಂದಿ ಒಟ್ಟಾಗಿ ಸೇರುವ ರಜೆಗಳಲ್ಲಿ ಸಿಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಕ್ರಿಸ್ಮಸ್ ಹಬ್ಬದ ಉಡುಗೊರೆಗಾಗಿ ಚಳಿಗಾಲಕ್ಕೆ ಮುನ್ನವೇ ಶಾಲುಗಳನ್ನು ಹೆಣೆಯತೊಡಗುವ ರೂಢಿಯಿದೆ. ಕರ್ನಾಟಕದ ಮನೆಗಳಲ್ಲಿ ಬೇಸಿಗೆಯ ಮತ್ತು ದಸರೆಯ ರಜೆಗಳು ಇದಕ್ಕೆ ಒದಗುತ್ತವೆ. ಇಲ್ಲಿ ಶಾಲಿಗಿಂತಲೂ ಬಾಗಿಲ ತೋರಣ, ಮೇಜಿನ ಹೊದಿಕೆ, ಕೂಸಿನ ಕುಲಾವಿಗಳು ಹೆಚ್ಚು ಬಳಕೆಯಲ್ಲಿದ್ದವು. ಕಡ್ಡಿ ಹಿಡಿಯುವ ಕ್ರಮ ಮಾತ್ರ ಎಲ್ಲಕ್ಕೂ ಒಂದೇ. ಹಲವರು ಸೇರಿ ಕೆಲಸ ಮಾಡಲು ಚೌಕಗಳ ಶಾಲು ತಕ್ಕುದು. ಅಜ್ಜಿ, ಮಗಳು, ಮೊಮ್ಮಕ್ಕಳು ತಮ್ಮ ತಮ್ಮ ಚೌಕಗಳನ್ನು ಹೆಣೆದು ಒಂದೇ ಶಾಲಾಗಿ ಜೋಡಿಸಬಹುದು. ಎಲ್ಲರೂ ಒಂದೇ ದಪ್ಪದ ನೂಲನ್ನೂ ಕಡ್ಡಿಯನ್ನೂ ಬಳಸಬೇಕೆಂಬುದೊಂದೇ ನಿಯಮ. ಹಾಗಿದ್ದರೂ ಕೈಬಿಗಿ ಬೇರೆಯಾದುದರಿಂದ ಚೌಕಗಳಲ್ಲಿ ಅಲ್ಪ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಯಾವ ಚೌಕ ಯಾರದೆಂದು ಮನೆಯವರು ಗುರುತಿಸುವುದು ಅದರಿಂದಲೇ.

ಕುಟುಂಬದ ಆಚೆಗೂ ಈ ಹಂಚಿಕೆ ಬೆಳೆದಿದೆ. 1998ರಲ್ಲಿ ಅಮೆರಿಕದ ಇಬ್ಬರು ಮಹಿಳೆಯರು, ಜಾನೆಟ್ ಬ್ರಿಸ್ಟೊ ಮತ್ತು ವಿಕ್ಟೋರಿಯಾ ಗ್ಯಾಲೊ, ರೋಗಿಗಳಿಗೂ ದುಃಖದಲ್ಲಿರುವವರಿಗೂ ಶಾಲು ಹೆಣೆದುಕೊಡುವ ‘ಪ್ರಾರ್ಥನೆಯ ಶಾಲು’ ಎಂಬ ಚಟುವಟಿಕೆಯನ್ನು ಆರಂಭಿಸಿದರು. ಭಾರತದಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಮಹಿಳಾ ಬಳಗವು 2016ರಲ್ಲಿ ಚೆನ್ನೈಯಲ್ಲಿ ಚೌಕಗಳನ್ನು ಜೋಡಿಸಿದ ಬೃಹತ್ ಹೊದಿಕೆಯಿಂದ ಗಿನ್ನೆಸ್ ದಾಖಲೆ ಸ್ಥಾಪಿಸಿತು.

ದುಡಿಮೆಯ ಮೌಲ್ಯ

ಭಾರತದಲ್ಲಿ ಕ್ರೋಶಾ ಉದ್ಯಮವಾಗಿ ಬೆಳೆದ ಪ್ರಸಿದ್ಧ ಕೇಂದ್ರ ಆಂಧ್ರಪ್ರದೇಶದ ಗೋದಾವರಿ ಮುಖಜ ಭೂಮಿಯಲ್ಲಿರುವ ನರಸಾಪುರ. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳಿಂದ ಅಲ್ಲಿಗೆ ಬಂದ ಲೇಸ್ ಕೆಲಸವು ಸುತ್ತಲಿನ ಹಳ್ಳಿಗಳ ಹೆಂಗಸರ ಗೃಹೋದ್ಯಮವಾಯಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ‘ದ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಎಂಬ ಅಧ್ಯಯನದಲ್ಲಿ ಈ ಉದ್ಯಮದ ಇನ್ನೊಂದು ಮುಖವನ್ನು ತೋರಿಸಿದರು. ಹೆಣೆಯುವವರು ಹೆಂಗಸರು, ವ್ಯಾಪಾರ ಮತ್ತು ರಫ್ತು ಗಂಡಸರ ಕೈಯಲ್ಲಿ. ಲೇಸ್ ವಿದೇಶಿ ಮಾರುಕಟ್ಟೆಗೆ ಹೋಗುತ್ತಿದ್ದರೂ ಹೆಣೆದವರನ್ನು ದುಡಿಮೆಗಾರರೆಂದು ಎಣಿಸದೆ, ಬಿಡುವಿನಲ್ಲಿ ಏನೋ ಮಾಡುವ ಗೃಹಿಣಿಯರೆಂದು ಭಾವಿಸಲಾಗುತ್ತಿತ್ತು; ಕೂಲಿ ಅತ್ಯಲ್ಪವಾಗಿರುವುದಕ್ಕೆ ಈ ಭಾವನೆಯೂ ಆಧಾರವಾಗಿತ್ತೆಂಬುದು ಅವರ ವಾದ.

ಇದು ಶಾಲಿಗೂ ಅನ್ವಯಿಸುತ್ತದೆ. ಎರಡು ಕಡ್ಡಿಗಳ ಹೆಣಿಗೆಯನ್ನು ಯಂತ್ರಗಳು ಮಾಡುತ್ತವೆ. ಕ್ರೋಶಾವನ್ನು ಹೋಲುವ ಬಟ್ಟೆಯನ್ನೂ ಯಂತ್ರದಲ್ಲಿ ತಯಾರಿಸುತ್ತಾರೆ. ಆದರೆ ನಿಜವಾದ ಕ್ರೋಶಾ ಇಂದಿಗೂ ಮುಖ್ಯವಾಗಿ ಕೈಕೆಲಸ. ಆದ್ದರಿಂದ ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯುವ ಕ್ರೋಶಾ ಶಾಲಿನ ಹಿಂದೆಯೂ ಯಾರದೋ ಬೆರಳುಗಳ ಸಾವಿರಾರು ಚಲನೆಗಳಿರುತ್ತವೆ. ಸ್ವತಃ ಒಂದು ಶಾಲನ್ನು ಹೆಣೆದವರಿಗೆ ಆ ಬೆಲೆ ಅಗ್ಗವಾದುದು ಹೇಗೆಂಬ ಪ್ರಶ್ನೆ ತಾನಾಗಿ ಮೂಡುತ್ತದೆ.

ಆರೈಕೆ

ಉಣ್ಣೆಯ ಶಾಲನ್ನು ತಣ್ಣೀರಿನಲ್ಲಿ, ಸೌಮ್ಯವಾದ ಸಾಬೂನಿನಿಂದ ಕೈಯಲ್ಲಿಯೇ ಒಗೆಯಬೇಕು, ಹಿಂಡಬಾರದು. ಟವಲಿನಲ್ಲಿ ಸುತ್ತಿ ನೀರನ್ನು ಒತ್ತಿ ತೆಗೆದು, ಸಮತಟ್ಟಾದ ಜಾಗದಲ್ಲಿ ಆಕಾರಕ್ಕೆ ಹರವಿ ನೆರಳಿನಲ್ಲಿ ಒಣಗಿಸಬೇಕು. ಹಗ್ಗದ ಮೇಲೆ ತೂಗುಹಾಕಿದರೆ ನೀರಿನ ಭಾರಕ್ಕೆ ಶಾಲು ಉದ್ದವಾಗಿ ಜಗ್ಗುತ್ತದೆ. ಅಕ್ರಿಲಿಕ್ ಶಾಲಿಗೆ ಬಿಸಿ ಇಸ್ತ್ರಿ ತಾಗಿಸಬಾರದು. ಉಣ್ಣೆಯದನ್ನು ಎತ್ತಿಡುವಾಗ ಚೆನ್ನಾಗಿ ಒಣಗಿಸಿ, ಒಣ ಬೇವಿನ ಎಲೆ ಅಥವಾ ನುಸಿಗುಳಿಗೆ ಇಟ್ಟು ಮಡಚಿಡುವ ರೂಢಿಯಿದೆ. ಎಲ್ಲಿಯಾದರೂ ಎಳೆ ತುಂಡಾದರೆ ಬಿಚ್ಚಿಕೊಳ್ಳುವ ಮೊದಲೇ ಆ ಕುಣಿಕೆಗಳನ್ನು ಹಿಡಿದು, ಅದೇ ದಪ್ಪದ ನೂಲಿನಿಂದ ಮರಳಿ ಹೆಣೆದು ಸೇರಿಸಬಹುದು. ಈ ಕಾರಣಕ್ಕಾಗಿ ಶಾಲು ಮುಗಿದ ಮೇಲೆ ಉಳಿದ ನೂಲಿನ ಒಂದು ಸಣ್ಣ ಉಂಡೆಯನ್ನು ಅದರೊಂದಿಗೇ ಎತ್ತಿಡುವುದು, ಉಡುಗೊರೆಯಾಗಿ ಕೊಡುವಾಗ ಅದನ್ನೂ ಜೊತೆಗೆ ಕೊಡುವುದು ಉಪಯುಕ್ತ.